ಇರುವೆ ಮುಟ್ಟದ ಸಿಹಿ

ಜೂನ್ ಬಂತೆಂದರೆ ಗಂಗೊಳ್ಳಿಯ ಬೋಟುಗಳು ದಕ್ಕೆಗೆ ಬಂದು ಕಟ್ಟಿಕೊಳ್ಳುತ್ತವೆ, ಗಂಡಸರು ಮನೆಗೆ ಬಂದು ಕೂತುಕೊಳ್ಳುತ್ತಾರೆ. ಎರಡು ತಿಂಗಳು ಕಡಲಿಗೆ ಇಳಿಯಬಾರದು ಎಂದು ಸರಕಾರ ಹೇಳುವುದು ಮೀನು ಮರಿ ಮಾಡಲಿ ಎಂದು. ಅದರಿಂದ ಮೀನಿಗೆ ಒಳ್ಳೆಯದಾಗುತ್ತದೆ, ಒಪ್ಪೋಣ. ಮನೆಯ ಹೆಂಗಸರಿಗೆ ಒಳ್ಳೆಯದಾದದ್ದನ್ನು ಮಾತ್ರ ನಾನು ಕಂಡಿಲ್ಲ. ವರ್ಷವಿಡೀ ಅಡುಗೆಮನೆ ಕಡೆ ತಲೆ ಹಾಕದವರು ಈ ಎರಡು ತಿಂಗಳು ಸಾರಿಗೆ ಹುಳಿ ಹೆಚ್ಚಾಯಿತು, ಅನ್ನ ಮೆತ್ತಗಾಯಿತು ಎಂದು ಹೊತ್ತು ಕಳೆಯುತ್ತಾರೆ.

ಬಚ್ಚನ ಮನೆಯಲ್ಲಿ ಈ ಸಲ ಇದರ ಜೊತೆಗೆ ಸಕ್ಕರೆ ಕಾಯಿಲೆಯೂ ಕೂತಿತ್ತು. ಬಚ್ಚ ಪ್ರೇಮಾನಂದರ ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಬೋಟನ್ನೂ ಅದರ ಮೇಲಿನ ಜನರನ್ನೂ ಹೊಳೆ ಕಡಲು ಸೇರುವ ಅಳಿವೆ ಬಾಯಿ ದಾಟಿಸಿ ಕಡಲಿಗೆ ಕರೆದೊಯ್ದು ಮರಳಿ ಮನೆ ಮುಟ್ಟಿಸುವವನು. ವಯಸ್ಸು ಅರವತ್ತು ದಾಟಿದೆ. ಮೇ ಕೊನೆಗೆ ಕಾಲಿನ ಗಾಯ ಒಣಗುತ್ತಿಲ್ಲವೆಂದು ಡಾಕ್ಟರಿಗೆ ತೋರಿಸಿದಾಗ ರಕ್ತದಲ್ಲಿ ಸಕ್ಕರೆ ಮುನ್ನೂರು ದಾಟಿದ್ದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು ಪಥ್ಯ ಹೇಳಿದರು. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಮಗ ಯತೀಶ್ ಅಂದೇ ಊಟಕ್ಕೆ ಕೂತಾಗ ತೀರ್ಪು ಕೊಟ್ಟುಬಿಟ್ಟ.

"ಅಪ್ಪಯ್ಯ, ಆಗಸ್ಟ್ ಒಳ್ಗೆ ಶುಗರ್ ಇಳಿಲಿಲ್ಲ ಅಂದ್ರೆ ನೀವ್ ಬೋಟಿಗೆ ಹೋಪ್ದ್ ಬ್ಯಾಡ. ಪ್ರೇಮಾನಂದಣ್ಣನೂ ಅದೇ ಹೇಳದ್ದ್."

"ಕಾಂಬ" ಎಂದ ಬಚ್ಚ. ನೋಡೋಣ ಎಂಬುದನ್ನು ಬಚ್ಚ ಎಲ್ಲದಕ್ಕೂ ಹೇಳುವುದರಿಂದ ಅದಕ್ಕೆ ಯಾರೂ ಅರ್ಥ ಹುಡುಕಲು ಹೋಗಲಿಲ್ಲ. ತಾಂಡೇಲನಿಗೆ ಬೋಟು ತಪ್ಪಿಸುವುದೆಂದರೆ ಜೀವ ತೆಗೆದ ಹಾಗೆ ಎಂದು ಎಲ್ಲರೂ ಮರುಗಿದರು. ಹೇಗಾದರೂ ಮಾಡಿ ಆಗಸ್ಟಿನೊಳಗೆ ಸಕ್ಕರೆ ಇಳಿಸಿ ಅವನನ್ನು ಬೋಟು ಹತ್ತಿಸಬೇಕು ಎಂಬುದು ಆ ಮನೆಯ ಸಂಕಲ್ಪವಾಯಿತು.

ಯತೀಶ್ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದ. ಪಕ್ಕದ ಮನೆಯವಳು ಬಾಗಿ, ಬಚ್ಚನ ಅಕ್ಕ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಸೊಸೆ ಶರಣ್ಯಾ ಒಳನಾಡಿನ ಕೊಕ್ಕರ್ಣೆಯ ಹುಡುಗಿ, ಕುಂದಾಪುರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಮಾವ ಬರಿ ಚಾ ಕುಡಿಯಲಾರದೆ ಮುಖ ಕಿವುಚುವುದನ್ನು ನೋಡಿ ಅವಳು ಸಕ್ಕರೆಯ ಬದಲಿಗೆ ಹಾಕುವ ಸಣ್ಣ ಮಾತ್ರೆಗಳನ್ನು ತಂದಳು. ಅತ್ತೆ ಸುಗುಣ ಅದನ್ನು ಚಾಪುಡಿಯ ಜೊತೆಗೇ ಹಾಕಿ ಕುದಿಸಿದಳು. ಸಿಹಿ ಎಲ್ಲ ಹಾರಿಹೋಯಿತು. ಈ ಜಾತಿಯದನ್ನು ಕುದಿಸಬಾರದಿತ್ತು, ಇಳಿಸಿದ ಮೇಲೆ ಹಾಕಬೇಕಿತ್ತು ಎಂದು ಶರಣ್ಯಾ ಅಂದಳು. ಕುದಿಯುವುದಕ್ಕೆ ಹೆದರುವ ಸಿಹಿ ಎಂಥ ಸಿಹಿ ಎಂದು ಸುಗುಣ ಕೇಳಿದಳು. ಶರಣ್ಯಾ ಮರುದಿನ ಇನ್ನೊಂದು ಜಾತಿ ತಂದಳು. ಬಿಳಿ ಪುಡಿ, ಕುದಿಸಿದರೂ ಸಿಹಿ ಹೋಗದು, ಸಕ್ಕರೆ ಹಾಕಿದ ಹಾಗೆ ಚಮಚದಲ್ಲಿ ಹಾಕಬಹುದು.

"ಇದ್ರಲ್ ಸಕ್ರಿ ಇಲ್ಲ ಅತ್ತೆ. ಆದ್ರೆ ಸೀ ಇರತ್ತ್."

"ಸಕ್ರಿ ಇಲ್ದೆ ಸೀ ಹ್ಯಾಂಗ್ ಆತ್ತ್?"

ಶರಣ್ಯಾ ವಿವರಿಸಲು ಹೋದಳು. ನಾಲಿಗೆಗೆ ಸಿಹಿ ಎನಿಸುತ್ತದೆ, ರಕ್ತಕ್ಕೆ ಸೇರಿ ಸಕ್ಕರೆ ಏರಿಸುವುದಿಲ್ಲ ಎಂದಳು. ನಾಲಿಗೆಗೆ ಸುಳ್ಳು ಹೇಳುವ ವಸ್ತು ಹೊಟ್ಟೆಗೆ ನಿಜ ಹೇಳುತ್ತದೆಂದು ಯಾವ ಧೈರ್ಯ ಎಂಬುದು ಸುಗುಣಳ ವಾದ. ಅವಳು ಅಷ್ಟಕ್ಕೇ ಬಿಡುವವಳಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಒಂದು ಕಡೆ ಚಿಟಿಕೆ ಪುಡಿ, ಇನ್ನೊಂದು ಕಡೆ ಬಾಗಿಯ ಮನೆಯಿಂದ ತಂದ ಬೆಲ್ಲದ ಚೂರು ಇಟ್ಟು ಕಾದಳು. ಇರುವೆಗಳು ಬೆಲ್ಲಕ್ಕೆ ಮುತ್ತಿಕೊಂಡವು, ಪುಡಿಯನ್ನು ಮುಟ್ಟದೆ ಬದಿಯಿಂದ ಹೋದವು.

"ಇರುವೆ ಮುಟ್ಟತಿಲ್ಲ. ಇರುವೆಗಿಂತ ದಡ್ಡ್ರಾ ನಾವ್?"

"ಇರುವೆಗೆ ಬೇಕಾದ್ದ್ ಸಕ್ರಿ ಅತ್ತೆ. ಅದ್ರಲ್ ಸಕ್ರಿ ಇಲ್ಲ, ಹಂಗಾಯ್ ಬತ್ತಿಲ್ಲ. ನಮ್ಗ್ ಬೇಕಾದ್ದೂ ಅದೇ ಅಲ್ದಾ?"

ಸುಗುಣಳಿಗೆ ಇದು ಒಪ್ಪಿಗೆಯಾಗಲಿಲ್ಲ. ಬಾಗಿ ಒಣಮೀನು ಮಾರಲು ಹಾಲಾಡಿಯವರೆಗೆ ಹೋಗಿ ಬಂದು, ಆ ಪುಡಿ ತಿಂದವರಿಗೆ ಕ್ಯಾನ್ಸರ್ ಬರುತ್ತದಂತೆ ಎಂಬ ಸುದ್ದಿ ತಂದಳು. ಯಾರಿಗೆ ಬಂದಿದೆ ಎಂದು ಕೇಳಿದರೆ ಹೆಸರು ಗೊತ್ತಿಲ್ಲ, ಬಸ್ಸಿನಲ್ಲಿ ಯಾರೋ ಹೇಳಿದ್ದು. ಫೋನಿನಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಮನುಷ್ಯ ಇದು ವಿಷ ಎಂದು ಕೈ ಬೀಸಿ ಹೇಳುವ ವಿಡಿಯೋ ಬಂತು. ಯತೀಶ್ ಹುಡುಕಿ ಅದರಲ್ಲೇನೂ ಭಯವಿಲ್ಲ ಎನ್ನುವ ಇನ್ನೊಂದು ವಿಡಿಯೋ ತೋರಿಸಿದ. ಅದರಲ್ಲಿದ್ದವನಿಗೂ ಬಿಳಿ ಕೋಟು ಇತ್ತು. ಸುಗುಣ ಎರಡನ್ನೂ ಎರಡೆರಡು ಸಲ ನೋಡಿದಳು. ಮೊದಲನೆಯವನ ಕೂದಲು ಹಣ್ಣಾಗಿದ್ದರಿಂದ ಅವನನ್ನೇ ನಂಬಿದಳು.

ಕೊನೆಗೆ ಡಾಕ್ಟರನ್ನೇ ಕೇಳಿದರು. ಬಳಕೆಗೆ ಒಪ್ಪಿಗೆ ಪಡೆದ ವಸ್ತು, ಮಿತಿಯಲ್ಲಿ ಹಾಕಿಕೊಂಡರೆ ಹೆದರಬೇಕಾಗಿಲ್ಲ ಎಂದರು. ಹಾಗೆಂದು ಅದು ಔಷಧವೂ ಅಲ್ಲ, ಸಿಹಿಯ ಚಟ ಬಿಡುವುದೇ ಒಳ್ಳೆಯದು, ಅನ್ನವೂ ಲೆಕ್ಕಕ್ಕೆ ಬರುತ್ತದೆ ಎಂದೂ ಸೇರಿಸಿದರು. ಎರಡು ಮಾತನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆದರಬೇಕಾಗಿಲ್ಲ ಎಂಬುದು ಯತೀಶನ ಕಿವಿಗೆ ಬಿತ್ತು, ಔಷಧ ಅಲ್ಲ ಎಂಬುದು ಸುಗುಣಳ ಕಿವಿಗೆ ಬಿತ್ತು. ಬಚ್ಚನಿಗೆ ಯಾವುದು ಬಿತ್ತೋ, ಮನೆಗೆ ಬಂದು ತಟ್ಟೆ ಮುಂದೆ ಮಾಡಿದ.

"ಸಕ್ರಿ ಉಳಿತಲ್ದಾ, ಇನ್ನೊಂದ್ ಸಟ್ಗ ಅನ್ನ ಹಾಕ್."

ಹೀಗೆ ಪುಡಿ ಅಡುಗೆಮನೆಯ ಸ್ಟೀಲ್ ಡಬ್ಬಿಗೆ ಬಂತು. ಒಂದು ವಾರ ಸುಗುಣ ಅದನ್ನು ಚಾಕ್ಕೆ ಹಾಕಿ ಕೊಟ್ಟಳು. ಕೊಡುವಾಗೆಲ್ಲ ಅವಳ ಕೈ ಹಿಂದೆಗೆಯುತ್ತಿತ್ತು. ಈ ಮನುಷ್ಯನಿಗೆ ಮೂವತ್ತೈದು ವರ್ಷ ಬೇಯಿಸಿ ಹಾಕಿದ ಕೈಯಿಂದ ದಿನಕ್ಕೆ ನಾಲ್ಕು ಸಲ ವಿಷ ಹಾಕಿಕೊಡುತ್ತಿದ್ದೇನೆ ಎಂದು ಅವಳಿಗೆ ನಿಜವಾಗಿಯೂ ಅನಿಸುತ್ತಿತ್ತು. ಒಂದು ಬೆಳಿಗ್ಗೆ, ಸೊಸೆ ಬಸ್ಸು ಹತ್ತಿದ ಮೇಲೆ, ಅಂಗಡಿಯಿಂದ ಒಂದು ಕಿಲೋ ಸಕ್ಕರೆ ತಂದಳು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದಳು. ಡಬ್ಬಿಯಲ್ಲಿದ್ದದ್ದನ್ನು ಬಾಳೆಬುಡಕ್ಕೆ ಸುರಿದು ಇದನ್ನು ತುಂಬಿದಳು. ಉಳಿದ ಸಕ್ಕರೆಯನ್ನು ಒಣಮೀನಿನ ಡಬ್ಬಿಯ ಅಡಿಯಲ್ಲಿ ಮುಚ್ಚಿಟ್ಟಳು, ಏಕೆಂದರೆ ಗದ್ದೆ ನೋಡಿ ಬೆಳೆದ ಸೊಸೆ ಅದರ ವಾಸನೆಗೆ ಆ ಡಬ್ಬಿಯ ಹತ್ತಿರ ಸುಳಿಯುತ್ತಿರಲಿಲ್ಲ. ಎರಡು ಚಮಚದ ಬದಲು ಒಂದೂವರೆ ಹಾಕಿದರೆ ಸಾಕಲ್ಲ, ಕಾಯಿಲೆಗೂ ಹೆಚ್ಚಾಗುವುದಿಲ್ಲ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಳು. ಸುಗುಣ ಸ್ವತಃ ಚಾ ಕುಡಿಯುವವಳಲ್ಲ, ಬೆಳಿಗ್ಗೆ ಗಂಜಿ ಉಂಡರೆ ಮುಗಿಯಿತು. ಶರಣ್ಯಾ, ಯತೀಶ್ ಇಬ್ಬರೂ ಬಚ್ಚನ ಮೇಲಿನ ಗೌರವಕ್ಕೆ ಮನೆಯಲ್ಲಿ ಬರಿ ಚಾ ಕುಡಿಯುತ್ತಿದ್ದರು, ಹೊರಗೆ ಹೋಗಿ ಸಿಹಿ ಕುಡಿಯುತ್ತಿದ್ದರು. ಡಬ್ಬಿ ಬಚ್ಚನೊಬ್ಬನದೇ.

ಜೂನ್ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದೇ ಇರಲಿಲ್ಲ. ಪಥ್ಯ ಮಾಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಸಕ್ಕರೆಯನ್ನು ಮನೆಯಿಂದಲೇ ಹೊರಹಾಕಿದ್ದೇವೆ ಎಂದು ಯತೀಶ್ ಎದೆ ತಟ್ಟಿ ಹೇಳಿದ. ಹಾಗಾದರೆ ಮಾತ್ರೆ ಸಾಲುತ್ತಿಲ್ಲ ಎಂದು ಅವರು ಮಾತ್ರೆ ಹೆಚ್ಚು ಮಾಡಿದರು. ಊಟ ತಪ್ಪಿಸಬೇಡಿ, ಬೆವರಿ ಕೈ ನಡುಗಿದರೆ ಸಕ್ಕರೆ ತೀರಾ ಇಳಿದಿದೆ ಎಂದು ಅರ್ಥ, ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ ಎಂದು ಸುಗುಣಳಿಗೆ ಹೇಳಿದರು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಜಗಳ ಹತ್ತಿಕೊಂಡಿತು. ಯತೀಶ್ ಹೆಂಡತಿಯ ಮೇಲೆ ಹರಿಹಾಯ್ದ. ಆ ಪುಡಿಯಿಂದ ಏನೂ ಆಗಲಿಲ್ಲ, ಹಣ ದಂಡ, ಅಪ್ಪಯ್ಯ ಬೋಟು ತಪ್ಪಿಸಿಕೊಂಡರೆ ಅದಕ್ಕೆ ನೀನೇ ಕಾರಣ ಎಂದ. ಮಾವ ಉಣ್ಣುವ ಅನ್ನ ನೋಡಿ, ಪುಡಿಗೆ ಯಾಕೆ ಬೈತೀರಿ ಎಂದು ಶರಣ್ಯಾ ಅಂದಳು. ಬಚ್ಚ ಅನ್ನ ಕಲಸುವುದನ್ನು ನಿಲ್ಲಿಸಿದ. ಸೊಸೆ ತನ್ನ ಅನ್ನ ಎಣಿಸುತ್ತಾಳೆ ಎಂದು ಅವನಿಗೆ ನೋವಾಯಿತು. ಶರಣ್ಯಾ ಅತ್ತಳು. ಸುಗುಣ ಸಾರಿನ ಸಟ್ಟುಗ ಹಿಡಿದು ಮೂವರ ನಡುವೆ ನಿಂತಿದ್ದಳು. ನಿಜ ಹೇಳಬೇಕೆಂದು ಅವಳ ಬಾಯಿವರೆಗೆ ಬಂತು. ಆದರೆ ಮಗನ ಸಿಟ್ಟು ನೋಡಿ ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಹೇಳುವುದು ಇನ್ನೂ ಕಷ್ಟವಾಗಿ ಕಂಡಿತು.

ಆದರೆ ಇರುವೆಗಳಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಜುಲೈ ಮೊದಲ ವಾರದ ಒಂದು ಭಾನುವಾರ ಸುಗುಣ ಹೊಳೆಬದಿಗೆ ಮರುವಾಯಿ ಚಿಪ್ಪುಮೀನು ತರಲು ಹೋಗಿದ್ದಾಗ, ಶರಣ್ಯಾ ಮಾವನಿಗೆ ಚಾ ಮಾಡಲು ಡಬ್ಬಿ ತೆರೆದಳು. ಮುಚ್ಚಳದ ಸುತ್ತ ಇರುವೆ ಸಾಲುಗಟ್ಟಿದ್ದವು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟಳು. ಎಲ್ಲ ತಿಳಿಯಿತು.

ಸಿಟ್ಟು ಬಂತು, ಸುಳ್ಳಲ್ಲ. ಗಂಡನನ್ನು ಕರೆದು ತೋರಿಸಿದ್ದರೆ ಅವಳ ಮೇಲಿನ ಅಪವಾದ ಆ ಗಳಿಗೆಯಲ್ಲೇ ತೊಳೆದುಹೋಗುತ್ತಿತ್ತು. ಆದರೆ ಯತೀಶ್ ತಾಯಿಗೆ ಬೈಯುವುದು, ಅತ್ತೆ ಊಟ ಬಿಡುವುದು, ಬಾಗಿ ಬಂದು ಪಂಚಾತಿಕೆ ಮಾಡುವುದು ಎಲ್ಲ ಅವಳ ಕಣ್ಣಿಗೆ ಬಂತು. ಅವಳು ಡಬ್ಬಿ ಖಾಲಿ ಮಾಡಿ, ತನ್ನ ಬ್ಯಾಗಿನಲ್ಲಿದ್ದ ಹೊಸ ಪ್ಯಾಕೆಟ್ ಒಡೆದು, ಅಷ್ಟೇ ಮಟ್ಟಕ್ಕೆ ಅಸಲಿ ಪುಡಿ ತುಂಬಿ ಮುಚ್ಚಿಟ್ಟಳು. ಮಾತ್ರೆ ಹೆಚ್ಚಾಗಿರುವ ವಿಷಯ ಅವಳಿಗೆ ನೆನಪಾಗಲಿಲ್ಲವೆಂದಲ್ಲ. ಮುಂದಿನ ಸಲ ಡಾಕ್ಟರಿಗೆ ಗುಟ್ಟಾಗಿ ಹೇಳೋಣ ಎಂದುಕೊಂಡಳು. ಅತ್ತೆಗೆ ನಾಳೆ, ಸೊಸೆಗೆ ಮುಂದಿನ ಸಲ.

ಮುಂದಿನ ಸಲ ಬರುವ ಮೊದಲೇ ಒಂದು ದಿನ ಬಚ್ಚ ಬೆಳಿಗ್ಗೆ ಮಾತ್ರೆ ನುಂಗಿ, ಚಾ ಮಾತ್ರ ಕುಡಿದು, ಗಂಜಿ ಆಮೇಲೆ ಎಂದು ದಕ್ಕೆಗೆ ಹೋದ. ಬೋಟಿನ ಇಂಜಿನ್ ಬಿಚ್ಚಿ ಹಾಕಿದ್ದರು. ಅಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹನ್ನೊಂದು ಗಂಟೆಗೆ ಮನೆಗೆ ಬಂದವನು ಜಗಲಿಯಲ್ಲೇ ಕೂತುಬಿಟ್ಟ. ತಣ್ಣಗಿನ ದಿನ, ಆದರೂ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಸುಗುಣ, ಕೈ ನಡುಗತ್ತ್" ಎಂದ.

ಸುಗುಣಳಿಗೆ ಡಾಕ್ಟರ ಮಾತು ನೆನಪಿತ್ತು. ಓಡಿ ಹೋಗಿ ಡಬ್ಬಿಯಿಂದ ಮೂರು ಚಮಚ ತುಂಬಿ ನೀರಿಗೆ ಕದಡಿ ಕುಡಿಸಿದಳು. ಅದು ಸಕ್ಕರೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ, ತಾನೇ ಅರೆದು ತುಂಬಿದ್ದಲ್ಲವೇ. ನಡುಕ ನಿಲ್ಲಲಿಲ್ಲ. ಇನ್ನೂ ಮೂರು ಚಮಚ ಕುಡಿಸಿದಳು. ಬಚ್ಚನ ಕಣ್ಣು ಎಲ್ಲೋ ನೋಡುತ್ತಿತ್ತು. ಹಗ್ಗ ಬಿಡು, ಹಗ್ಗ ಬಿಡು ಎಂದು ಬೋಟಿನ ಮೇಲಿದ್ದವನಂತೆ ಗೊಣಗಿದ. ಗದ್ದಲ ಕೇಳಿ ಬಾಗಿ ಬೆಲ್ಲದ ತುಂಡು ಹಿಡಿದುಕೊಂಡೇ ಓಡಿ ಬಂದು ಅದನ್ನು ತಮ್ಮನ ಬಾಯಿಗೆ ಇಡಲು ಹೋದಳು. ಸುಗುಣ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ ಅತ್ತಿಗೆ. ಆರ್ ಚಮಚ ಸಕ್ರಿ ಹೋಯ್ತ್ ಹೊಟ್ಟಿಗೆ. ಅದೇ ತಲಿಗ್ ಏರದ್ದ್."

"ಸಕ್ರಿಯಾ? ನಿಮ್ಮನಿಯಲ್ ಸಕ್ರಿ ಎಲ್ಲಿತ್ತ್?"

ಸುಗುಣ ಹಿಡಿದ ಕೈ ಬಿಡಲಿಲ್ಲ. ಬೆಲ್ಲದ ತುಂಡು ಬಾಗಿಯ ಕೈಯಲ್ಲೇ ಉಳಿಯಿತು. ಯತೀಶ್ ಆಟೋ ತಂದ. ದಾರಿಯುದ್ದಕ್ಕೂ ಸುಗುಣ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನೇ ಸಕ್ಕರೆ ಕೊಟ್ಟು ಕೊಂದೆ ಎಂದು ಅಳುತ್ತಿದ್ದಳು. ಯತೀಶನಿಗೆ ಒಂದೂ ತಲೆಬುಡ ತಿಳಿಯಲಿಲ್ಲ. ಯಾರಿಗೆ ಬೈಯುವುದೆಂದು ಗೊತ್ತಾಗದೆ ಆಟೋದವನಿಗೆ ಬೈದ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಕೂಡಲೇ ಗ್ಲೂಕೋಸ್ ಏರಿಸಿದರು. ತುಸು ಹೊತ್ತಿನಲ್ಲಿ ಬಚ್ಚ ಕಣ್ಣು ಬಿಟ್ಟು, ಇದು ಯಾರ ಮನೆ ಎಂದು ಕೇಳಿದ. ಡಾಕ್ಟರು ಹೊರಗೆ ಬಂದು ಏನು ಕುಡಿಸಿದಿರಿ ಎಂದು ವಿಚಾರಿಸಿದರು. ಸುಗುಣ ಆರು ಚಮಚ ಸಕ್ಕರೆ ಎಂದಳು. ಮನೆಯಲ್ಲಿ ಸಕ್ಕರೆ ಎಲ್ಲಿತ್ತು ಎಂದು ಮಗ ಕೇಳಿದ ಮೇಲೆ, ಪುಡಿ ಚೆಲ್ಲಿ ಸಕ್ಕರೆ ತುಂಬಿದ್ದನ್ನು ತಲೆ ತಗ್ಗಿಸಿ ಒಪ್ಪಿಕೊಂಡಳು. ಸಕ್ಕರೆ ಕುಡಿಸಿದ್ದರೆ ಇಷ್ಟು ಹೊತ್ತು ಹೀಗೆ ಇರುತ್ತಿರಲಿಲ್ಲವಲ್ಲ ಎಂದು ಡಾಕ್ಟರು ಗೊಂದಲಕ್ಕೆ ಬಿದ್ದರು. ಅಷ್ಟರಲ್ಲಿ ಕುಂದಾಪುರದಿಂದ ಓಡೋಡಿ ಬಂದ ಶರಣ್ಯಾ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು.

"ಅತ್ತೆ, ಅದ್ ಸಕ್ರಿ ಅಲ್ಲ. ನಾನ್ ತಿರ್ಗಿ ಪುಡಿ ತುಂಬ್ಸಿದ್ದೆ."

"ಯಾವಾಗ?"

"ಡಬ್ಬಿಗೆ ಇರುವೆ ಬಂದ್ ದಿನ."

"ನಂಗೆ ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ ನಿಂಗೆ?"

"ನೀವ್ ಹೇಳಿದ್ರಾ ಅತ್ತೆ?"

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಹೇಳಿದರು. ಸಕ್ಕರೆ ತಿನ್ನುತ್ತಿರುವಾಗ ನಾನು ಮಾತ್ರೆ ಹೆಚ್ಚಿಸಿದೆ, ಸಕ್ಕರೆ ನಿಂತ ಮೇಲೆ ಅದೇ ಮಾತ್ರೆ ಹೊಟ್ಟೆಗೆ ಏನೂ ಇಲ್ಲದ ಹೊತ್ತಿಗೆ ಕೆಲಸ ಮಾಡಿತು. ಪುಡಿ ನಾಲಿಗೆಗೆ ಸಿಹಿ ಅಷ್ಟೇ, ಇಳಿದ ಸಕ್ಕರೆಯನ್ನು ಮೇಲೆತ್ತುವ ಶಕ್ತಿ ಅದಕ್ಕಿಲ್ಲ, ಇಂಥ ಹೊತ್ತಿಗೆ ಒಂದು ತುಂಡು ಬೆಲ್ಲವೇ ಜೀವ ಉಳಿಸುವ ವಸ್ತು. ಸುಗುಣಳ ತಲೆಯೊಳಗೆ ಎಲ್ಲ ಅಡಿಮೇಲಾಯಿತು. ವಿಷ ಎಂದುಕೊಂಡದ್ದು ವಿಷವಲ್ಲ, ಆದರೆ ಅದೇ ಇವತ್ತು ಕೊಲ್ಲುತ್ತಿತ್ತು. ಸಕ್ಕರೆ ಕೆಟ್ಟದ್ದು, ಆದರೆ ಅದೇ ಇವತ್ತು ಬೇಕಿತ್ತು. ಬೆಲ್ಲ ಬಾಯಿಯವರೆಗೆ ಬಂದಿತ್ತು, ತಡೆದದ್ದು ಅವಳ ಕೈ. ಅತ್ತೆ ಸೊಸೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಅತ್ತರು. ಸಂಜೆಯ ಹೊತ್ತಿಗೆ ಹತ್ತಿರ ಬಂದಿದ್ದರು.

ಮಾತ್ರೆ ಕಡಿಮೆಯಾಯಿತು. ಡಬ್ಬಿಯಲ್ಲಿ ಪುಡಿ, ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಗಾಜಿನ ಬಾಟಲಿಯಲ್ಲಿ ಸಕ್ಕರೆ. ಸುಗುಣ ದಿನಕ್ಕೆ ಮೂರು ಸಲ ಸೊಸೆಯನ್ನು ಕರೆದು ಯಾವುದು ಯಾವುದೆಂದು ಕೇಳುತ್ತಿದ್ದಳು. ಗಂಜಿ ಉಣ್ಣದೆ ಮಾತ್ರೆ ಕೊಡಬಾರದು, ಮಾತ್ರೆ ಕೊಡದೆ ಹೊರಗೆ ಬಿಡಬಾರದು ಎಂದು ಗಂಡನ ಬೆನ್ನು ಹಿಡಿದಳು. ಬಚ್ಚ ಅನ್ನವನ್ನೂ ಕಡಿಮೆ ಮಾಡಿದ. ಜುಲೈ ಕೊನೆಯ ಪರೀಕ್ಷೆಯಲ್ಲಿ ಸಕ್ಕರೆ ಹಿಡಿತಕ್ಕೆ ಬಂದಿತ್ತು. ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ಜೊತೆಯವರಲ್ಲಿ ಒಬ್ಬರಿಗೆ ವಿಷಯ ತಿಳಿಸಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಹೀಗಿದ್ದರೆ ಬೋಟಿಗೆ ಹೋಗಬಹುದು ಎಂದು ಡಾಕ್ಟರು ಒಪ್ಪಿದರು. ಯತೀಶನೂ ಸೋತು ಒಪ್ಪಿದ. ಇಡೀ ಮನೆ ಗೆದ್ದ ಹಾಗಾಯಿತು. ಶರಣ್ಯಾ ಹತ್ತು ಪ್ಯಾಕೆಟ್ ಗ್ಲೂಕೋಸ್ ತಂದಳು.

ಬೋಟು ಹೊರಡುವ ಹಿಂದಿನ ದಿನ ಮಧ್ಯಾಹ್ನ ಸುಗುಣ ಚಾವಡಿಯಲ್ಲಿ ಕೂತು ಅವನ ಚೀಲ ತುಂಬುತ್ತಿದ್ದಳು. ಎರಡು ಲುಂಗಿ, ಅಂಗಿ, ಮಾತ್ರೆ, ಗ್ಲೂಕೋಸ್, ಅವಲಕ್ಕಿ. ಬಚ್ಚ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದ.

"ಡಬ್ಬಿಯಲ್ ನೀನ್ ಸಕ್ರಿ ತುಂಬ್ಸದ್ದ್ ನಂಗೆ ಮೊದಲ್ನೇ ದಿನವೇ ಗೊತ್ತಾಯ್ತ್" ಎಂದ.

ಸುಗುಣಳ ಕೈ ನಿಂತಿತು.

"ಸಕ್ರಿ ರುಚಿ ನಂಗ್ ಗೊತ್ತಾತಿಲ್ಯಾ? ಶರಣ್ಯಾ ತಿರ್ಗಿ ಪುಡಿ ಹಾಕದ್ದೂ ಗೊತ್ತಾಯ್ತ್."

"ಗೊತ್ತಿದ್ದೂ ಕುಡದ್ರಾ? ಡಾಕ್ಟ್ರ್ ಮಾತ್ರೆ ಏರ್ಸುವಾಗ್ಳೂ ಸುಮ್ನಿದ್ರಾ?"

"ಶುಗರ್ ಇಳಿಲಿಲ್ಲ, ಬೋಟಿಗ್ ಹೋಪ್ದ್ ಬ್ಯಾಡ ಅಂದೇಳಿ ಡಾಕ್ಟ್ರೇ ಹೇಳ್ತ್ರ್ ಅಂತ ಕಾದೆ. ಅವ್ರ್ ಮಾತ್ರೆ ಏರ್ಸ್ರ್."

ಎಂತಕ್ಕೆ ಎಂದು ಸುಗುಣ ಕೇಳುವುದರೊಳಗೆ ಅವನ ಫೋನ್ ಹೊಡೆದುಕೊಂಡಿತು. ಪ್ರೇಮಾನಂದರದು. ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರು ಕೇಳಿದ್ದು ಪಕ್ಕದಲ್ಲಿ ಕೂತವಳಿಗೂ ಕೇಳಿಸಿತು. ಯತೀಶ್ ಒಳಗಿನಿಂದ ಬಂದು ನಿಂತ.

"ಹ್ವಾಯ್ ಪ್ರೇಮಾನಂದ್ರೆ, ನಾನ್ ಈ ವರ್ಷ ಬತ್ತಿಲ್ಲೆ. ನಂಗ್ ಈ ಶುಗರ್ ಒಂದ್..." ಎಂದು ಬಚ್ಚ ಶುರು ಮಾಡಿದ. ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಅಲ್ಲ, ಶುಗರ್ ಸಮ ಇತ್ತ್. ಡಾಕ್ಟ್ರ್ ಹೋಪುಕ್ ಆತ್ತ್ ಅಂದ್ರ್. ನಂಗೆ ಅಳಿವೆ ಬಾಯಲ್ ಬೋಟ್ ದಾಟ್ಸುವಾಗ ಹೆದ್ರಿಕೆ ಆತ್ತ್. ಎರಡ್ ವರ್ಷ ಆಯ್ತ್. ಎಂಟ್ ಜನ ಇರ್ತ್ರ್ ಮೇಲೆ. ಹಂಗಾಯ್ ಬತ್ತಿಲ್ಲೆ."

ಸುಗುಣ ಚೀಲದೊಳಗೆ ಕೈ ಇಟ್ಟುಕೊಂಡೇ ಕೂತಿದ್ದಳು. ಎರಡು ವರ್ಷ ಈ ಮನುಷ್ಯ ಹೆದರಿಕೊಂಡೇ ಹೋಗಿ ಹೆದರಿಕೊಂಡೇ ಬಂದಿದ್ದಾನೆ, ಪ್ರತಿ ಸಲವೂ ತಾನೇ ಚೀಲ ತುಂಬಿ ಕಳಿಸಿದ್ದೇನೆ ಎಂಬುದು ಅವಳಿಗೆ ಆಗ ತಿಳಿಯಿತು.